ಲಿಸಿಯಾ ಕರಾವಳಿಯಲ್ಲಿ ಏಳು ರಾತ್ರಿ: ಗುಲೆಟ್ ಹತ್ತುವ ಮುನ್ನ

"ಟರ್ಕಿಯಲ್ಲಿ ಒಂದು ವಾರ ಹಾಯಿಹಡಗಲ್ಲಿ ಸುತ್ತಬೇಕು, ಯಾವ ತಿಂಗಳು ಒಳ್ಳೆಯದು? ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಈಜು ಬಾರದಿದ್ದರೆ ನಡೆಯುತ್ತಾ?" ಓದುಗರಿಂದ, ಅದರಲ್ಲೂ ಯೂರೋಪಿನಲ್ಲಿ ಕೆಲಸಕ್ಕಿರುವ ಕನ್ನಡಿಗರಿಂದ, ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ಫೆತಿಯೆ ಪಟ್ಟಣದಿಂದ ಹೊರಟು ಕೆಕೊವಾ ದ್ವೀಪದವರೆಗೆ ಹೋಗಿ ಮತ್ತೆ ಫೆತಿಯೆಗೇ ಮರಳುವ ಸುತ್ತಿನ ಬಗ್ಗೆ. ಇದು ಪ್ರಾಚೀನ ಲಿಸಿಯಾ ನಾಡಿನ ಕರಾವಳಿ. ಟರ್ಕಿಯಲ್ಲಿ ಇದಕ್ಕಿಂತ ಹೆಸರುವಾಸಿಯಾದ ಕಡಲ ಹಾದಿಗಳಿವೆ, ಆದರೆ ಹಳೆಯ ಊರುಗಳು ಇಷ್ಟು ನೀರಂಚಿಗೇ ನಿಂತಿರುವ ಕಡೆ ಕಡಿಮೆ. ಕೆಲವಕ್ಕೆ ಇವತ್ತಿಗೂ ದೋಣಿಯೇ ಸಲೀಸು ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಡಗು ತಾನಾಗಿಯೇ ನಿಮ್ಮನ್ನು ಇತಿಹಾಸದ ಮುಂದೆ ಇಳಿಸುವುದಿಲ್ಲ. ಸುಮ್ಮನಿದ್ದರೆ ಈಜು, ಊಟ, ನಿದ್ದೆಯಲ್ಲಿ ವಾರ ಮುಗಿದುಹೋಗುತ್ತದೆ, ಬಂಡೆಯಲ್ಲಿ ಕೊರೆದ ಹಳೆಯ ಗೋರಿಗಳನ್ನು ದೂರದಿಂದ ಫೋಟೊ ಹೊಡೆದು ಬರುತ್ತೀರಿ. ಅದೇ ಸಾಕೆನ್ನುವವರೂ ಇದ್ದಾರೆ, ತಪ್ಪೇನಿಲ್ಲ. ಬೇಡವೆನ್ನುವವರು ದುಡ್ಡು ಕಟ್ಟುವ ಮುನ್ನವೇ ಕೇಳಿಕೊಳ್ಳಬೇಕು.

1. ಹತ್ತುತ್ತಿರುವುದು ಎಂಥ ಹಡಗು ಎಂದು ತಿಳಿದುಕೊಳ್ಳಿ

ಗುಲೆಟ್ ಎಂದರೆ ಸಾಮಾನ್ಯವಾಗಿ ಎರಡು ಹಾಯಿಕಂಬಗಳಿರುವ, ಹಿಂಬದಿ ಅಗಲವಾದ ಮರದ ಹಡಗು. ಬೊದ್ರುಮ್, ಮರ್ಮರಿಸ್, ಬೊಜ್‌ಬುರುನ್ ಕಡೆಯ ಬಡಗಿಗಳ ಕೈಕೆಲಸ. ಸ್ಪಂಜು ತೆಗೆಯುವವರು, ಮೀನುಗಾರರು ಬಳಸುತ್ತಿದ್ದ ದೋಣಿಗಳೇ ಬೆಳೆದು ಈ ರೂಪಕ್ಕೆ ಬಂದಿವೆ. 1925ರಲ್ಲಿ ಬೊದ್ರುಮ್‌ಗೆ ಗಡೀಪಾರಾದ ಲೇಖಕ ಜೆವಾತ್ ಶಾಕಿರ್ ಆ ಊರನ್ನೇ ತನ್ನದಾಗಿಸಿಕೊಂಡು, 'ಹಾಲಿಕಾರ್ನಾಸಿನ ಬೆಸ್ತ' ಎಂಬ ಹೆಸರಿನಲ್ಲಿ ಬರೆದರು (ಹಾಲಿಕಾರ್ನಾಸ್ ಬೊದ್ರುಮ್‌ನ ಪ್ರಾಚೀನ ಹೆಸರು). ಗೆಳೆಯರನ್ನು ಕಟ್ಟಿಕೊಂಡು ಸ್ಪಂಜು ದೋಣಿಗಳಲ್ಲಿ ಅವರು ಮಾಡಿದ ಸುತ್ತಾಟಗಳಿಗೆ 'ಮಾವಿ ಯೊಲ್ಜುಲುಕ್', ಅಂದರೆ ನೀಲಿ ಪಯಣ, ಎಂಬ ಹೆಸರು ಬಿತ್ತು. ಇವತ್ತು ಜಾಹೀರಾತುಗಳಲ್ಲಿ ಕಾಣುವ 'ಬ್ಲೂ ಕ್ರೂಸ್' ಅದರದ್ದೇ ವಂಶ. ಅವರ ಕಾಲದಲ್ಲಿ ಹಾಸಿಗೆ, ಶವರ್ ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಇಲ್ಲೇ ಮೊದಲ ನಿರಾಸೆ ಕಾದಿರುತ್ತದೆ: ಗುಲೆಟ್‌ಗಳು ಹೆಚ್ಚಿನಂಶ ಓಡುವುದು ಡೀಸೆಲ್ ಎಂಜಿನ್ ಮೇಲೆ. ಗಾಳಿ ಹದವಾಗಿದ್ದು ಕ್ಯಾಪ್ಟನ್‌ಗೆ ಮನಸ್ಸು ಬಂದರೆ ಒಂದೆರಡು ಗಂಟೆ ಹಾಯಿ ಬಿಚ್ಚುತ್ತಾರೆ. ಕೆಲವು ಹಡಗುಗಳಲ್ಲಿ ಹಾಯಿ ಇರುವುದು ಬರೀ ಶೋಭೆಗೆ. ಹಾಯಿಯಲ್ಲೇ ಹೋಗಬೇಕೆಂಬ ಆಸೆಯಿದ್ದರೆ ಗೊಜೆಕ್ ಅಥವಾ ಫೆತಿಯೆಯಲ್ಲಿ ಸಣ್ಣ ಯಾಟ್ ಬಾಡಿಗೆಗೆ ಹಿಡಿಯಿರಿ. ನೀವೇ ನಡೆಸುವುದಾದರೆ ನೌಕಾ ಚಾಲನೆಯ ಪ್ರಮಾಣಪತ್ರ ಬೇಕು, ಇಲ್ಲವಾದರೆ ಚಾಲಕನನ್ನೂ ಗೊತ್ತುಮಾಡಿಕೊಳ್ಳಬೇಕು. ಮುಂದಿನದೆಲ್ಲ ಗುಲೆಟ್ ಆರಿಸಿಕೊಂಡವರಿಗೆ.

2. ತಿಂಗಳು ಆರಿಸಿ

ಸೀಸನ್ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ನನ್ನ ಮತ ಸೆಪ್ಟೆಂಬರ್ ಎರಡನೇ ಭಾಗಕ್ಕೆ. ಬೇಸಿಗೆಯಿಡೀ ಕಾದ ನೀರು ಆಗಲೂ 27 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಕಲ್ಲುಗಳ ನಡುವೆ ಹತ್ತಿ ಇಳಿಯುವಷ್ಟು ಬಿಸಿಲೂ ತಗ್ಗಿರುತ್ತದೆ. ಮೇ ಕೊನೆಯಲ್ಲಿ ಬೆಟ್ಟಗಳು ಹಸಿರಾಗಿದ್ದು ನೋಡಲು ಚೆಂದ, ಆದರೆ ನೀರು ಸುಮಾರು 20-21 ಡಿಗ್ರಿ. ಮಂಗಳೂರು, ಕಾರವಾರದ ಬೆಚ್ಚನೆಯ ಕಡಲು ಕಂಡವರಿಗೆ ಮೊದಲ ಜಿಗಿತದಲ್ಲೇ ಉಸಿರು ಕಟ್ಟುತ್ತದೆ.

ಜುಲೈ, ಆಗಸ್ಟ್ ಬೇಡ. ಶಾಲಾ ರಜೆಯ ಕಾರಣ ದರ ಏರಿರುತ್ತದೆ, ಕೊಲ್ಲಿಗಳಲ್ಲಿ ಹಡಗುಗಳು ಒತ್ತೊತ್ತಾಗಿ ನಿಂತಿರುತ್ತವೆ, ಕ್ಯಾಬಿನ್ ಒಳಗೆ ಸೆಖೆ. ಮೆಲ್ತೆಮಿ ಎಂದು ಕರೆಯುವ ವಾಯವ್ಯದ ಬೇಸಿಗೆ ಗಾಳಿ ಬಲವಾಗಿ ಬೀಸುವುದೂ ಆಗಲೇ. ಸಾಲದ್ದಕ್ಕೆ ಕಣಜಗಳ ಕಾಟ. ಊಟದ ಮೇಜಿಗೆ ಕಣಜ ಮುತ್ತಿದರೆ ನಾವಿಕರು ಒಂದು ತಟ್ಟೆಯಲ್ಲಿ ಕಾಫಿಪುಡಿ ಹಾಕಿ ಬೆಂಕಿ ಹಚ್ಚುತ್ತಾರೆ. ಉರಿಯುವುದಿಲ್ಲ, ಹೊಗೆಯಾಡುತ್ತದೆ, ಅದಕ್ಕೆ ಕಣಜ ದೂರ ಸರಿಯುತ್ತವೆ.

3. ಕ್ಯಾಬಿನ್ ಸಾಕೋ, ಇಡೀ ಹಡಗು ಬೇಕೋ

ಒಂದು ಕೋಣೆಯನ್ನಷ್ಟೇ ಕೊಂಡು, ಉಳಿದ ಕೋಣೆಗಳಲ್ಲಿ ಅಪರಿಚಿತರ ಜೊತೆ ಹೋಗುವುದು ಕ್ಯಾಬಿನ್ ಚಾರ್ಟರ್. ಇಡೀ ಹಡಗನ್ನೇ ವಾರಕ್ಕೆ ಹಿಡಿಯುವುದು ಖಾಸಗಿ ಚಾರ್ಟರ್. ಇಬ್ಬರೇ ಹೋಗುವುದಾದರೆ ಮೊದಲನೆಯದೇ ಗತಿ. ಎಂಟು-ಹತ್ತು ಜನ ಸೇರುವುದಾದರೆ ಎರಡರ ಲೆಕ್ಕವನ್ನೂ ಹಾಕಿ ನೋಡಿ, ತಲೆಗೆ ಬೀಳುವ ವ್ಯತ್ಯಾಸ ನೀವು ಅಂದುಕೊಂಡಷ್ಟು ಇರುವುದಿಲ್ಲ. ನಿಜವಾದ ಲಾಭ ದುಡ್ಡಿನಲ್ಲಿ ಇಲ್ಲ. ಕ್ಯಾಬಿನ್ ಚಾರ್ಟರ್‌ನಲ್ಲಿ ದಾರಿ ನಿಗದಿಯಾಗಿರುತ್ತದೆ, "ಇಲ್ಲಿ ಇನ್ನೊಂದು ಗಂಟೆ ನಿಲ್ಲೋಣ" ಎನ್ನುವ ಹಕ್ಕು ನಿಮಗಿರುವುದಿಲ್ಲ. ಅಜ್ಜ ಅಜ್ಜಿ, ಮಕ್ಕಳು, ಮಡಿ ಊಟ ಎಲ್ಲ ಇರುವ ಕುಟುಂಬಕ್ಕೆ ಇಡೀ ಹಡಗೇ ಮೇಲು.

ಒಬ್ಬರೇ ಹೋಗುವವರು ಗಮನಿಸಿ: ಇಬ್ಬರ ಕೋಣೆಯಲ್ಲಿ ಒಬ್ಬರೇ ಇರಲು ಹೆಚ್ಚುವರಿ ದರ ಹಾಕುತ್ತಾರೆ.

ಇನ್ನೊಂದು ಗೊಂದಲ. 'ಫೆತಿಯೆಯಿಂದ ಒಲಿಂಪೊಸ್' ಎಂದು ಅಗ್ಗದಲ್ಲಿ ಮಾರುವ 4 ದಿನ, 3 ರಾತ್ರಿಯ ಪ್ರವಾಸ ಬೇರೆ. ಅದರಲ್ಲಿ ಹೆಚ್ಚಾಗಿ ಬೆನ್ನಚೀಲದ ಯುವಕರು, ರಾತ್ರಿ ಹಾಡು-ಕುಣಿತ. ನಿಮಗೆ ಬೇಕಾದದ್ದು '8 ದಿನ, 7 ರಾತ್ರಿ' ಎಂದಿರುವುದು.

4. ಮುಂಗಡ ಕೊಡುವ ಮುನ್ನ ಕೇಳಿ, ಬರೆಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ.

ಟರ್ಕಿಯಲ್ಲಿ ಪ್ರವಾಸ ಮಾರುವ ಏಜೆನ್ಸಿಗಳಿಗೆ ಪರವಾನಗಿ ಬೇಕು, ಅವರು ತುರ್ಸಾಬ್ ಎಂಬ ಏಜೆನ್ಸಿಗಳ ಒಕ್ಕೂಟದಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಸಂಖ್ಯೆ ಕೇಳಿ. ಕಂಪನಿಯ ಹೆಸರಿನ ಖಾತೆಗಷ್ಟೇ ಹಣ ಹಾಕಿ, ಯಾರದೋ ವೈಯಕ್ತಿಕ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ಬಿಡಿ. ದರ ಸಾಮಾನ್ಯವಾಗಿ ಯೂರೋದಲ್ಲಿರುತ್ತದೆ.

ಹಡಗಿನ ಹೆಸರು ಕೇಳಿ. "ಇದೇ ದರ್ಜೆಯ ಹಡಗು" ಎಂದರೆ ಯಾವ ಹಡಗು ಬೇಕಾದರೂ ಬರಬಹುದು. ಎ.ಸಿ. ಇದೆಯೇ ಎಂದಷ್ಟೇ ಕೇಳಿದರೆ 'ಇದೆ' ಎನ್ನುತ್ತಾರೆ. ದಿನಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಎಂದು ಕೇಳಬೇಕು. ಎ.ಸಿ.ಗೆ ಜನರೇಟರ್ ಬೇಕು, ರಾತ್ರಿ ಕೊಲ್ಲಿಯಲ್ಲಿ ಜನರೇಟರ್ ಆರಿಸುತ್ತಾರೆ.

ದರದಲ್ಲಿ ಏನೇನು ಸೇರಿಲ್ಲ? ಕುಡಿಯುವ ನೀರು, ಚಹಾ, ತಂಪು ಪಾನೀಯ, ಬಂದರು ಶುಲ್ಕ, ವಿಮಾನ ನಿಲ್ದಾಣದಿಂದ ಕರೆತರುವ ಗಾಡಿ, ಸ್ಮಾರಕಗಳ ಟಿಕೆಟ್ – ಒಂದೊಂದನ್ನೂ ಹೆಸರಿಟ್ಟು ಕೇಳಿ. ಕ್ಯಾಬಿನ್ ಚಾರ್ಟರ್‌ಗಳಲ್ಲಿ ಹೊರಗಿನಿಂದ ಪಾನೀಯ ತರುವುದಕ್ಕೆ ಅನೇಕ ಕಡೆ ಬಿಡುವುದಿಲ್ಲ. ವಾರದ ಕೊನೆಗೆ ಬರುವ ಬಿಲ್ಲು ಆಮೇಲೆ ಗಾಬರಿ ಹುಟ್ಟಿಸುತ್ತದೆ.

ಕೊನೆಗೆ, ಮುಖ್ಯವಾದದ್ದು: ದಾರಿಯಲ್ಲಿ ಸಿಗುವ ಹಳೆಯ ತಾಣಗಳಾದ ಗೆಮಿಲೆರ್ ದ್ವೀಪ, ಕಾಲೆಕೊಯ್, ಮೈರಾ, ಈ ಮೂರರಲ್ಲಿ ಯಾವುದರಲ್ಲಿ ದಡಕ್ಕೆ ಇಳಿಸುತ್ತಾರೆ, ಎಷ್ಟು ಹೊತ್ತು? 'ನೋಡುತ್ತೇವೆ' ಎಂದರೆ ಹಡಗಿನಿಂದ ನೋಡುವುದು ಎಂದೂ ಅರ್ಥವಾಗಬಹುದು. ಇಳಿಯುತ್ತೇವೆ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

5. ವೀಸಾ

ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇಲ್ಲವೇ ವಾಸದ ಪರವಾನಗಿ ಇರುವ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ. ಒಂದೇ ಪ್ರವೇಶ, 30 ದಿನ. ಅದಿಲ್ಲದವರು ಊರಿನಿಂದಲೇ ಪಾಸ್‌ಪೋರ್ಟ್‌ಗೆ ಅಂಟಿಸುವ ವೀಸಾಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕಾರ್ಡ್ ಅಥವಾ ಸ್ಟಿಕ್ಕರ್ ಇಲ್ಲದೆ ಬರೀ ಆನ್‌ಲೈನ್ ದಾಖಲೆ ಇರುವವರು ಟಿಕೆಟ್ ತೆಗೆಯುವ ಮುನ್ನ ದೂತಾವಾಸದಲ್ಲಿ ವಿಚಾರಿಸಿ. ನಿಯಮಗಳು ಬದಲಾಗುತ್ತಿರುತ್ತವೆ, ಸರ್ಕಾರಿ ಜಾಲತಾಣವನ್ನೇ ನೋಡಿ. ಅದೇ ಬಣ್ಣ, ಅದೇ ವಿನ್ಯಾಸದ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಕಾಣಿಸಿಕೊಂಡು ಹೆಚ್ಚು ಹಣ ಕೀಳುತ್ತವೆ.

ಒಂದು ಎಚ್ಚರಿಕೆ. ದಾರಿಯಲ್ಲಿ ಸಿಗುವ ಕಾಶ್ ಪಟ್ಟಣದ ಎದುರಿಗೇ, ಟರ್ಕಿಯ ದಡದಿಂದ ಸುಮಾರು ಎರಡು ಕಿಲೋಮೀಟರ್ ಆಚೆ, ಗ್ರೀಸಿಗೆ ಸೇರಿದ ಮೆಯಿಸ್ ದ್ವೀಪವಿದೆ; ಗ್ರೀಕರ ಬಾಯಲ್ಲಿ ಕಾಸ್ತೆಲೊರಿಜೊ. "ಅರ್ಧ ದಿನ ಹೋಗಿಬರೋಣ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಷೆಂಗನ್ ವೀಸಾ ಇದ್ದರೂ ಹೋಗಬೇಡಿ. ಅಲ್ಲಿ ಕಾಲಿಟ್ಟರೆ ಟರ್ಕಿಯಿಂದ ಹೊರಹೋದ ಹಾಗೆ, ನಿಮ್ಮ ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿಯಿತು. ಮೆಯಿಸ್‌ಗೆ ಬಂದಿಳಿದ ಮೇಲೆ ಕೊಡುವ ತ್ವರಿತ ವೀಸಾ ಟರ್ಕಿಯ ನಾಗರಿಕರಿಗೆ ಮಾತ್ರ. ಹೋಗದಿದ್ದರೂ ಫೋನ್ ಆ ದ್ವೀಪದ ಟವರ್ ಹಿಡಿಯುತ್ತದೆ. ಟರ್ಕಿಗೆ ಮಾತ್ರ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡವರು ಕಾಶ್ ಹತ್ತಿರ ಬಂದಾಗ ನೆಟ್‌ವರ್ಕನ್ನು ಕೈಯಾರೆ ಆರಿಸಿ.

ಹತ್ತಿರದ ವಿಮಾನ ನಿಲ್ದಾಣ ದಾಲಮಾನ್, ಫೆತಿಯೆಗೆ ರಸ್ತೆಯಲ್ಲಿ ಸುಮಾರು ಒಂದು ಗಂಟೆ. ಹಡಗು ಹೊರಡುವ ಹಿಂದಿನ ದಿನವೇ ಫೆತಿಯೆ ಸೇರಿ. ಇಸ್ತಾಂಬುಲ್‌ನಲ್ಲಿ ವಿಮಾನ ತಪ್ಪಿದರೆ ಹಡಗು ಕಾಯುವುದಿಲ್ಲ, ಮುಂದಿನ ಬಂದರಿಗೆ ನೀವೇ ಟ್ಯಾಕ್ಸಿ ಹಿಡಿಯಬೇಕು.

6. ಚೀಲ ಕಟ್ಟುವಾಗ

ಗಾಲಿ ಸೂಟ್‌ಕೇಸ್ ಬೇಡ. ಕ್ಯಾಬಿನ್‌ನಲ್ಲಿ ಅದನ್ನು ಬಿಚ್ಚಿಡಲೂ ಜಾಗವಿರುವುದಿಲ್ಲ, ಮಡಚಬಹುದಾದ ಬಟ್ಟೆ ಚೀಲ ತನ್ನಿ. ಕಲ್ಲು ದಡಗಳಲ್ಲಿ ಕಡಲ ಮುಳ್ಳುಚೆಂಡು (ಸೀ ಅರ್ಚಿನ್) ಎಂಬ ಜೀವಿಗಳಿರುತ್ತವೆ, ಕಾಲಿಗೆ ಚುಚ್ಚಿದರೆ ಕಪ್ಪು ಮುಳ್ಳು ಮುರಿದು ಒಳಗೇ ಉಳಿಯುತ್ತದೆ. ಆದ್ದರಿಂದ ನೀರಿಗಿಳಿಯುವ ರಬ್ಬರ್ ಅಡಿಯ ಶೂ ಬೇಕು. ಅವಶೇಷಗಳ ನಡುವೆ ನಡೆಯಲು ಹಿಡಿತವಿರುವ ಇನ್ನೊಂದು ಜೊತೆ. ಡೆಕ್ ಮೇಲೆ ಚಪ್ಪಲಿಯೇ ಇಲ್ಲ: ಹಡಗಿಗೆ ಹತ್ತುವ ಹಲಗೆಯ ಬುಡದಲ್ಲಿ ಒಂದು ಬುಟ್ಟಿ ಇಟ್ಟಿರುತ್ತಾರೆ, ಎಲ್ಲರ ಪಾದರಕ್ಷೆಯೂ ಅದರೊಳಗೆ.

ಪವರ್ ಬ್ಯಾಂಕ್, ತಲೆಗೆ ಕಟ್ಟುವ ಟಾರ್ಚ್, ತೆಳು ಸ್ವೆಟರ್. ಸೆಪ್ಟೆಂಬರ್‌ನಲ್ಲೂ ಬೆಳಗಿನ ಜಾವ ಡೆಕ್ ಮೇಲೆ ಇಬ್ಬನಿ ಬೀಳುತ್ತದೆ. ವಾಂತಿ ಬರುವ ಸ್ವಭಾವದವರು ಅವೊಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಳ್ಳಿ.

7. ಊಟದ ಮಾತು

ಸಸ್ಯಾಹಾರಿಗಳಿಗೆ ಟರ್ಕಿ ಅಂಥ ಕಷ್ಟದ ದೇಶವಲ್ಲ. ಬೆಳಿಗ್ಗೆ ಬ್ರೆಡ್ಡು, ಚೀಸ್, ಆಲಿವ್, ಟೊಮೆಟೊ, ಸೌತೆ, ಜೇನು. ಮಧ್ಯಾಹ್ನಕ್ಕೆ 'ಜೇತಿನ್‌ಯಾಲಿ' ಎಂಬ ಬಗೆಯ ಪದಾರ್ಥಗಳು, ಅಂದರೆ ಬೀನ್ಸ್, ಬದನೆ ಮುಂತಾದ ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವುದು. ಮೊಸರಂತೂ ಧಾರಾಳ.

ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ. ಪಿಲಾವ್ ಅನ್ನವನ್ನೂ ಬೇಳೆ ಸೂಪನ್ನೂ ಕೋಳಿ ಅಥವಾ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದುಂಟು, ಅದನ್ನು ಅವರು ಮಾಂಸಾಹಾರ ಎಂದೇ ಎಣಿಸುವುದಿಲ್ಲ. 'ವೆಜಿಟೇರಿಯನ್' ಎಂದರೆ ಮೀನು ನಡೆಯುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹತ್ತಿದ ದಿನ ಅಡುಗೆಯವರ ಹತ್ತಿರವೇ ಹೋಗಿ ಹೇಳಿ: "ಎತ್ ಯೊಕ್, ತಾವುಕ್ ಯೊಕ್, ಬಾಲಿಕ್ ಯೊಕ್, ಎತ್ ಸುಯು ಯೊಕ್." ಮಾಂಸ, ಕೋಳಿ, ಮೀನು, ಮಾಂಸದ ರಸ, ಯಾವುದೂ ಬೇಡ ಎಂದು. ಬದನೆಕಾಯಿಯಲ್ಲಿ ಇಮಾಮ್ ಬಾಯಿಲ್ದಿ ತಿನ್ನಬಹುದು, ನೋಡಲು ಹಾಗೇ ಇರುವ ಕಾರ್ನಿಯಾರಿಕ್ ಒಳಗೆ ಖೀಮಾ ಇರುತ್ತದೆ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಕ್ಯಾಬಿನ್ ಚಾರ್ಟರ್ ಕಷ್ಟ. ನಾಲ್ಕನೇ ದಿನಕ್ಕೆ ಖಾರ ಬೇಕೆನಿಸುವವರು ಚಟ್ನಿಪುಡಿ ಒಯ್ಯಿರಿ.

ಕೊಲ್ಲಿಯಲ್ಲಿ ನಿಂತಾಗ ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದು ನಿಂತರೆ ಓಡಿಸಬೇಡಿ. ಅದರಲ್ಲಿ ಹೆಂಗಸರು ಕೂತು ಉದ್ದನೆಯ ಕಡ್ಡಿಯಂಥ ಲಟ್ಟಣಿಗೆಯಲ್ಲಿ ಗೊಜ್ಲೆಮೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸುತ್ತಿರುತ್ತಾರೆ. ಆಲೂ ಪರೋಟವನ್ನು ಇನ್ನೂ ತೆಳ್ಳಗೆ, ಅಗಲವಾಗಿ ಮಾಡಿದ ಹಾಗೆ. ಆಲೂಗಡ್ಡೆಯದು 'ಪತಾತೆಸ್ಲಿ', ಚೀಸಿನದು 'ಪೇನಿರ್ಲಿ', ಪಾಲಕ್‌ನದು 'ಇಸ್ಪನಾಕ್ಲಿ'. ನಗದು ಲಿರಾ ಇರಲಿ.

8. ದಾರಿ

ಕ್ರಮ ಹಡಗಿನಿಂದ ಹಡಗಿಗೆ, ಗಾಳಿಯಿಂದ ಗಾಳಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ಹೀಗಿರುತ್ತದೆ.

ಮೊದಲ ದಿನ ಮಧ್ಯಾಹ್ನದ ಮೇಲೆ ಹತ್ತಿಸಿಕೊಂಡು ಹತ್ತಿರದ ಕೊಲ್ಲಿಯಲ್ಲಿ ನಿಲ್ಲಿಸುತ್ತಾರೆ. ನಿಲ್ಲಿಸುವ ಬಗೆ ನೋಡುವಂತಿರುತ್ತದೆ. ಮುಂಭಾಗದಿಂದ ಲಂಗರು ಇಳಿಸಿ, ಹಡಗನ್ನು ಹಿಮ್ಮುಖವಾಗಿ ದಡದತ್ತ ತರುತ್ತಾರೆ. ಅಷ್ಟರಲ್ಲಿ ಒಬ್ಬ ಹುಡುಗ ಹಗ್ಗದ ತುದಿ ಹಿಡಿದು ನೀರಿಗೆ ಹಾರಿ, ಈಜಿ ಹೋಗಿ ದಡದಲ್ಲಿ ಕಟ್ಟಿ ಬರುತ್ತಾನೆ. ಆ ಹಗ್ಗ ಬಿಗಿಯಾಗುವವರೆಗೆ ನೀರಿಗೆ ಇಳಿಯಬೇಡಿ, ಪ್ರೊಪೆಲರ್ ತಿರುಗುತ್ತಿರುತ್ತದೆ.

ಎರಡನೇ ದಿನ ಓಲುದೆನಿಜ್, ಚಿಟ್ಟೆ ಕಣಿವೆ (ಫೋಟೊಗಳಲ್ಲಿ ಇರುವಷ್ಟು ಏಕಾಂತ ಅಲ್ಲಿಲ್ಲ), ಸಂಜೆಗೆ ಗೆಮಿಲೆರ್ ದ್ವೀಪ. ಇಲ್ಲಿ ಇಳಿಯಲೇಬೇಕು. ಬೈಜಾಂಟೈನ್ ಕಾಲದ ಹಲವು ಚರ್ಚುಗಳ ಅವಶೇಷ, ಅವುಗಳ ನಡುವೆ ಗುಡ್ಡದ ಬೆನ್ನೇರಿ ಹೋಗುವ ಮುಚ್ಚಿದ ಮೆರವಣಿಗೆ ಹಾದಿ. ಸಂಜೆ ಬಿಸಿಲಿಳಿದ ಮೇಲೆ ಹತ್ತಿ, ನೀರು ಒಯ್ಯಿರಿ.

ಮೂರನೇ ದಿನ ಬೆಳಕು ಹರಿಯುವ ಮುನ್ನವೇ ಎಂಜಿನ್ ಸದ್ದು. ಯೆದಿಬುರುನ್ಲಾರ್, ಅಂದರೆ ಏಳು ಭೂಶಿರ, ದಾಟುವ ದಿನ ಅದು. ಇಲ್ಲಿ ಅಡ್ಡ ದ್ವೀಪಗಳಿಲ್ಲ, ತೆರೆದ ಕಡಲಿನ ತೆರೆ ನೇರವಾಗಿ ಬಡಿಯುತ್ತದೆ. ಮಧ್ಯಾಹ್ನ ಗಾಳಿ ಏಳುವ ಮೊದಲೇ ದಾಟಲೆಂದು ಅಷ್ಟು ಬೇಗ ಹೊರಡುತ್ತಾರೆ. ಮಾತ್ರೆಯನ್ನು ಹಿಂದಿನ ರಾತ್ರಿ ಮಲಗುವ ಮುನ್ನ ನುಂಗಿ, ಓಲಾಟ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಕ್ಯಾಬಿನ್‌ನಲ್ಲಿ ಮಲಗಿರಬೇಡಿ, ಡೆಕ್ ಮೇಲೆ ಬಂದು ದಿಗಂತ ನೋಡುತ್ತಾ ಕೂರಿ.

ಆಚೆ ಬದಿಯಲ್ಲಿ ಕಾಲ್ಕಾನ್, ಕಾಶ್. ಕಾಶ್‌ನ ಅಂಗಡಿ ಬೀದಿಯ ಮೇಲ್ತುದಿಯಲ್ಲಿ ಒಂದು ಲಿಸಿಯನ್ ಕಲ್ಲುಪೆಟ್ಟಿಗೆ ಗೋರಿ ಇದೆ. ಕಮಾನಿನಂಥ ಮುಚ್ಚಳದಿಂದ ಸಿಂಹದ ತಲೆಗಳು ಹೊರಚಾಚಿಕೊಂಡಿವೆ. ಹತ್ತಿರ ಹೋಗಿ ಅಂಚುಗಳನ್ನು ನೋಡಿ: ಕಲ್ಲಿನಲ್ಲೇ ತೊಲೆ, ಚೌಕಟ್ಟು ಕೆತ್ತಿದ್ದಾರೆ. ಮರದ ಮನೆಯನ್ನೇ ಕಲ್ಲಿನಲ್ಲಿ ಕಡೆದು ಸತ್ತವರಿಗೆ ಕೊಡುವುದು ಈ ನಾಡಿನ ರೂಢಿ. ಇದನ್ನು ಇಲ್ಲಿ ಗುರುತಿಸಿಕೊಂಡರೆ ಮುಂದಿನ ಗೋರಿಗಳೆಲ್ಲ ತಾವೇ ಅರ್ಥವಾಗುತ್ತವೆ. ಇತಿಹಾಸದ ಹುಚ್ಚಿರುವವರು ಕಾಲ್ಕಾನ್‌ನಿಂದ ಟ್ಯಾಕ್ಸಿ ಹಿಡಿದು ಪತಾರಾಗೆ ಹೋಗಬಹುದು. ಲಿಸಿಯಾದ 23 ನಗರಗಳ ಒಕ್ಕೂಟ ಸಭೆ ಸೇರುತ್ತಿದ್ದ ಭವನವನ್ನು ಅಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ದೊಡ್ಡ ನಗರಕ್ಕೆ ಮೂರು ಮತ, ಮಧ್ಯಮಕ್ಕೆ ಎರಡು, ಸಣ್ಣದಕ್ಕೆ ಒಂದು ಎಂದು ಪ್ರಾಚೀನ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ.

ಕಾಶ್‌ನಿಂದ ಕೆಕೊವಾಕ್ಕೆ ಹೋಗುವಾಗ ಉಲುಬುರುನ್ ಭೂಶಿರ ದಾಟುತ್ತೀರಿ. ನೋಡಲು ಬರೀ ಬಂಡೆ. ಅದರ ಬುಡದಲ್ಲಿ 1982ರಲ್ಲಿ ಒಬ್ಬ ಸ್ಪಂಜು ಮುಳುಗುಗಾರನ ಕಣ್ಣಿಗೆ ಬಿದ್ದ ಹಡಗು ಕ್ರಿ.ಪೂ. 14ನೇ ಶತಮಾನದ ಕೊನೆಯದು. ಅದರ ಹೊಟ್ಟೆಯಲ್ಲಿ ಸುಮಾರು 10 ಟನ್ ತಾಮ್ರ, ಒಂದು ಟನ್ ತವರ ಇತ್ತು, ಕಂಚು ಎರಕಕ್ಕೆ ಬೇಕಾಗುವ ಪ್ರಮಾಣವೇ ಅದು. ವಸ್ತುಗಳೆಲ್ಲ ಬೊದ್ರುಮ್ ಮ್ಯೂಸಿಯಂನಲ್ಲಿವೆ. ಕ್ಯಾಪ್ಟನ್ ತಾವಾಗಿ ಹೇಳುವುದಿಲ್ಲ, "ಉಲುಬುರುನ್ ಎಲ್ಲಿ?" ಎಂದು ನೀವೇ ಕೇಳಿ.

ನಾಲ್ಕು, ಐದನೇ ದಿನ ಕೆಕೊವಾ. ದ್ವೀಪದ ಉತ್ತರ ದಡದುದ್ದಕ್ಕೂ ಭೂಕಂಪದಲ್ಲಿ ಕುಸಿದು ಅರ್ಧ ಮುಳುಗಿದ ಊರಿದೆ. ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳು ಇಳಿಯುತ್ತಾ ನೀರೊಳಗೆ ಮುಂದುವರಿಯುತ್ತವೆ, ಗೋಡೆಯಲ್ಲಿ ತೊಲೆ ಕೂರಿಸಲು ಕೊರೆದ ಚೌಕ ಗುಳಿಗಳು ಖಾಲಿ ನಿಂತಿವೆ. ಅವಶೇಷಗಳ ಮೇಲೆ ಈಜುವುದು, ಮುಳುಗುವುದು, ಲಂಗರು ಹಾಕುವುದು ನಿಷಿದ್ಧ. "ಯಾರೂ ನೋಡಲ್ಲ" ಎನ್ನುವವರ ಮಾತು ಕೇಳಬೇಡಿ. ಬೆಳಿಗ್ಗೆ ನೀರು ನಿಶ್ಚಲವಾಗಿರುವಾಗ ನಿಧಾನವಾಗಿ ಪಕ್ಕದಲ್ಲೇ ಸಾಗಲು ಹೇಳಿ, ಮಧ್ಯಾಹ್ನದ ಅಲೆಯಲ್ಲಿ ತಳ ಕಾಣದು.

ಎದುರಿನ ಕಾಲೆಕೊಯ್‌ಗೆ ವಾಹನ ಹೋಗುವ ರಸ್ತೆಯಿಲ್ಲ. ಪ್ರಾಚೀನ ಹೆಸರು ಸಿಮೆನಾ. ಕೋಟೆ ಹತ್ತಿದರೆ ಒಳಗೆ ಬಂಡೆಯಲ್ಲೇ ಕೊರೆದ ಏಳು ಸಾಲಿನ ಪುಟ್ಟ ರಂಗಮಂದಿರ, ಸುಮಾರು 300 ಜನ ಕೂರುವಷ್ಟು. ಮೈರಾ ನೋಡಬೇಕೆಂದರೆ ಪಕ್ಕದ ಉಚಾಗಿಜ್ ಹಳ್ಳಿಯಿಂದ ಗಾಡಿಯಲ್ಲಿ ದೆಮ್ರೆಗೆ ಹೋಗಬೇಕು. ಬಂಡೆಗೋಡೆಯ ತುಂಬ ಗೋರಿಗಳು, ಕೆಳಗೆ ರೋಮನ್ ರಂಗಮಂದಿರ, ಊರೊಳಗೆ ಸಂತ ನಿಕೋಲಾಸನ ಚರ್ಚು. ಸಾಂಟಾ ಕ್ಲಾಸ್ ಕಥೆಗೆ ಮೂಲನಾದ ಬಿಷಪ್ ಈತನೇ. ಅವನ ಅಸ್ಥಿಯನ್ನು 1087ರಲ್ಲಿ ಇಟಲಿಯ ಬಾರಿ ಎಂಬ ಊರಿಗೆ ಒಯ್ದರು. ಅರ್ಧ ದಿನ ಸಾಕು.

ಆರು, ಏಳನೇ ದಿನ ವಾಪಸು ದಾರಿ, ಕೊನೆಗೆ ಗೊಜೆಕ್ ಸುತ್ತಲಿನ ದ್ವೀಪಗಳು. ಈಜುವುದಿದ್ದರೆ ಇಲ್ಲೇ ಈಜಿ, ನೀರು ಶಾಂತ. ಈಜು ಬಾರದವರು ಲೈಫ್ ಜಾಕೆಟ್ ಕೇಳಿ ಪಡೆಯಿರಿ; ಏಣಿಯ ಬುಡದಲ್ಲೇ ಆಳ ಶುರುವಾಗುತ್ತದೆ, ಕಾಲಿಗೆ ನೆಲ ಸಿಗುವುದಿಲ್ಲ.

9. ಹಡಗಿನೊಳಗಿನ ನಿಯಮಗಳು

ಶೌಚಾಲಯಕ್ಕೆ ಕಾಗದ ಹಾಕಬಾರದು, ಪಕ್ಕದ ಡಬ್ಬಿಗೆ ಹಾಕಬೇಕು. ಪೈಪು ಕಟ್ಟಿಕೊಂಡರೆ ಇಡೀ ಹಡಗಿಗೆ ತೊಂದರೆ. ಸಿಹಿನೀರು ಟ್ಯಾಂಕಿನಲ್ಲಿ ಇರುವಷ್ಟೇ, ಬಕೆಟ್ ಸ್ನಾನದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫೋನು, ಕ್ಯಾಮೆರಾ ಚಾರ್ಜಿಂಗ್ ಎಂಜಿನ್ ಓಡುವಾಗಲೇ ಮುಗಿಸಿಕೊಳ್ಳಿ.

ದಡದಲ್ಲಿ ಮಡಕೆ ಚೂರು, ಕೆತ್ತಿದ ಕಲ್ಲಿನ ತುಣುಕು ಸಿಕ್ಕರೆ ಅಲ್ಲೇ ಬಿಡಿ. 1983ರ 2863ನೇ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತುವನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ವಿಮಾನ ನಿಲ್ದಾಣದಲ್ಲಿ ಚೀಲದಲ್ಲಿ ಸಿಕ್ಕರೆ "ನೆನಪಿಗೆ ಇಟ್ಟುಕೊಂಡೆ" ಎಂಬ ಸಮಜಾಯಿಷಿ ನಡೆಯದು.

10. ಇಳಿಯುವ ದಿನ

ಬೆಳಗಿನ ತಿಂಡಿಯಾದ ಮೇಲೆ ಹತ್ತೂವರೆ ಆಸುಪಾಸಿಗೆ ಇಳಿಸುತ್ತಾರೆ. ಪಾನೀಯದ ಬಿಲ್ಲನ್ನು ಹಿಂದಿನ ರಾತ್ರಿಯೇ ತರಿಸಿ ಸಾಲುಸಾಲಾಗಿ ನೋಡಿ. ಸಣ್ಣ ಹಡಗುಗಳಲ್ಲಿ ಕಾರ್ಡ್ ನಡೆಯದು. ಟಿಪ್ಸ್ ಕಡ್ಡಾಯವಲ್ಲ, ಆದರೆ ವಾಡಿಕೆ ಇದೆ: ದರದ ಶೇ. 5ರಿಂದ 10ರಷ್ಟನ್ನು ಲಕೋಟೆಯಲ್ಲಿ ಹಾಕಿ, ಎಲ್ಲರಿಗೂ ಹಂಚಿ ಎಂದು ಕ್ಯಾಪ್ಟನ್ ಕೈಗೆ ಕೊಡಿ.

ವಿಮಾನ ಸಂಜೆಗಿದ್ದರೆ ಚೀಲವನ್ನು ಏಜೆನ್ಸಿಯ ಕಚೇರಿಯಲ್ಲಿಟ್ಟು ಫೆತಿಯೆ ಊರ ಮೇಲಿನ ಅಮಿಂತಾಸ್ ಗೋರಿಗೆ ಹೋಗಿಬನ್ನಿ. ಕ್ರಿ.ಪೂ. 4ನೇ ಶತಮಾನದ್ದು, ದೇವಾಲಯದ ಮುಖಮಂಟಪದಂತೆ ಬಂಡೆಯಲ್ಲಿ ಕಡೆದದ್ದು. ಮೆಟ್ಟಿಲು ಬಹಳ, ನೆರಳಿಲ್ಲ. ಅಲ್ಲಿಂದ ಇಳಿದು ದಾಲಮಾನ್ ಬಸ್ ಹಿಡಿಯಲು ವಿಮಾನದ ಹೊತ್ತಿಗಿಂತ ನಾಲ್ಕು ಗಂಟೆ ಮೊದಲೇ ಬಸ್ ನಿಲ್ದಾಣದಲ್ಲಿರಿ.